ಸೆಕೆಂಡ್ ಹ್ಯಾಂಡ್ ಕಾರು: ದುಡ್ಡು ಕೊಡುವ ಮುಂಚೆ ದಾಖಲೆ ಪರೀಕ್ಷಿಸುವುದು ಹೇಗೆ

ಹಳೇ ಕಾರು ನೋಡಲು ಹೋಗುವವರು ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಇಂಜಿನ್ ಸದ್ದು, ಕ್ಲಚ್, ಸಸ್ಪೆನ್ಷನ್, ಟೈರು ಎಲ್ಲ ನೋಡಿಸುತ್ತಾರೆ. ಆರ್‌ಸಿಯನ್ನು (ನೋಂದಣಿ ಪತ್ರವನ್ನು) ಮಾತ್ರ ಹಿಂದೆ ಮುಂದೆ ತಿರುಗಿಸಿ ವಾಪಸ್ ಕೊಟ್ಟುಬಿಡುತ್ತಾರೆ. ಗೇರ್‌ಬಾಕ್ಸ್ ಕೆಟ್ಟಿದ್ದರೆ ರಿಪೇರಿ ಮಾಡಿಸಬಹುದು. ದಾಖಲೆ ಸುಳ್ಳಾಗಿದ್ದರೆ ಕಾರೂ ಹೋಗುತ್ತದೆ, ದುಡ್ಡೂ ಹೋಗುತ್ತದೆ, ಠಾಣೆಗೆ ಅಲೆಯುವುದು ಬೇರೆ. ಕದ್ದ ಮಾಲನ್ನು ಗೊತ್ತಿಲ್ಲದೆ, ಪೂರ್ತಿ ಬೆಲೆ ಕೊಟ್ಟು ಕೊಂಡಿದ್ದರೂ ಅದರ ಮೇಲೆ ಹಕ್ಕು ಹುಟ್ಟುವುದಿಲ್ಲ.

ಇಲ್ಲಿ ಪಾಲಿಸಬೇಕಾದ ನಿಯಮ ಒಂದೇ. ಮಾರುವವರ ಕೈಯಿಂದ ಬಂದ ಕಾಗದವನ್ನು ನೋಡಿ ಏನನ್ನೂ ತೀರ್ಮಾನಿಸಬೇಡಿ. ಆ ಕಾಗದ ಎಲ್ಲಿ ಹುಟ್ಟಿತೋ ಅಲ್ಲೇ ವಿಚಾರಿಸಿ. ಆರ್‌ಸಿಯನ್ನು ಆರ್‌ಟಿಒ ದಾಖಲೆಯಲ್ಲಿ, ಸಾಲ ತೀರಿದ ಪತ್ರವನ್ನು ಬ್ಯಾಂಕಿನಲ್ಲಿ, ಪಾಲಿಸಿಯನ್ನು ಇನ್ಶೂರೆನ್ಸ್ ಕಂಪನಿಯಲ್ಲಿ, ಚಾಸಿ ನಂಬರನ್ನು ಕಾರಿನ ಲೋಹದ ಮೇಲೆ. ಪ್ಲಾಸ್ಟಿಕ್ ಕಾರ್ಡ್ ಮುದ್ರಿಸುವುದು ಈಗ ಯಾರಿಗೂ ಕಷ್ಟವಲ್ಲ. ಆದ್ದರಿಂದ ಕೈಯಲ್ಲಿರುವ ಆರ್‌ಸಿ ಎಷ್ಟು ಚೆನ್ನಾಗಿ ಕಾಣುತ್ತದೆ ಎಂಬುದಕ್ಕೆ ಬೆಲೆಯೇ ಇಲ್ಲ.

ನಂಬರ್ ಪ್ಲೇಟಿನಿಂದ ಶುರು ಮಾಡಿ

ನಮ್ಮ ಮೈಸೂರು ಕಡೆ ಹೆಚ್ಚಾಗಿ ಕಾಣುವುದು ಕೆಎ-09 ಮತ್ತು ಕೆಎ-55, ಅಂದರೆ ಮೈಸೂರು ಪಶ್ಚಿಮ ಮತ್ತು ಪೂರ್ವ. ಕೆಎ-11 ಮಂಡ್ಯ, ಕೆಎ-45 ಹುಣಸೂರು, ಕೆಎ-54 ನಾಗಮಂಗಲ. ಈ ಅಂಕಿಯ ನಂತರ ಬರುವ ಅಕ್ಷರಗಳನ್ನು ಬಹಳ ಜನ ಗಮನಿಸುವುದಿಲ್ಲ. ಕರ್ನಾಟಕದಲ್ಲಿ ಸ್ವಂತ ಬಳಕೆಯ ಕಾರಿನ ಸರಣಿ ಎಂ, ಎನ್, ಪಿ ಅಥವಾ ಝಡ್‌ನಿಂದ ಶುರುವಾಗುತ್ತದೆ. ಎ, ಬಿ, ಸಿ, ಡಿ ಬಾಡಿಗೆ ವಾಹನಗಳದು. ಇ, ಎಚ್ ಮುಂತಾದವು ದ್ವಿಚಕ್ರ ವಾಹನಗಳದು. ಕಾರಿನ ಪ್ಲೇಟಿನ ಮೇಲೆ ಇ ಅಥವಾ ಎಚ್ ಸರಣಿ ಇದ್ದರೆ ಅದು ಯಾವುದೋ ಸ್ಕೂಟರಿನ ನಂಬರು. ಮಾತು ಮುಂದುವರಿಸದೆ ಹೊರಟುಬಿಡಿ. ಬಿಳಿ ಪ್ಲೇಟಿನ ಮೇಲೆ ಬಾಡಿಗೆ ಸರಣಿ ಕಂಡರೆ ಅದು ಟ್ಯಾಕ್ಸಿ; ಪ್ಲೇಟಿನ ಬಣ್ಣ ಮಾತ್ರ ಬದಲಾಗಿದೆಯೋ, ಆರ್‌ಸಿಯಲ್ಲಿ ವರ್ಗವೂ ಬದಲಾಗಿದೆಯೋ ಕೇಳಿ.

ಎಚ್‌ಎಸ್‌ಆರ್‌ಪಿ ಎಂಬ ಹೆಚ್ಚು ಭದ್ರತೆಯ ಪ್ಲೇಟಿನಲ್ಲಿ ಎಡಗಡೆ ಮೇಲೆ ಅಶೋಕ ಚಕ್ರದ ಹೊಲೊಗ್ರಾಂ ಇರುತ್ತದೆ. ಕೆಳಗೆ ಲೇಸರ್‌ನಿಂದ ಕೊರೆದ ಸಣ್ಣ ಸಂಖ್ಯೆ ಇರುತ್ತದೆ. ಪ್ಲೇಟನ್ನು ಕೂರಿಸಿರುವುದು ಸಾಮಾನ್ಯ ಸ್ಕ್ರೂಗಳಿಂದಲ್ಲ, ಒಮ್ಮೆ ಬಿಚ್ಚಿದರೆ ಮತ್ತೆ ಕೂರದ ಸ್ನ್ಯಾಪ್ ಲಾಕ್‌ನಿಂದ. ಪ್ಲೇಟು ಎಚ್‌ಎಸ್‌ಆರ್‌ಪಿಯಂತೆ ಕಂಡರೂ ಮಾಮೂಲಿ ನಟ್ಟು ಬೋಲ್ಟಿನಲ್ಲಿ ನಿಂತಿದ್ದರೆ ಏಕೆ ಎಂದು ಕೇಳಿ. ಬಂಪರ್ ಬದಲಾಯಿಸಿದಾಗ ಹಾಗಾಗಿರುವುದೂ ಉಂಟು. ಆದರೆ ನಂಬರು ಬದಲಾಯಿಸಿದವರೂ ಅದೇ ಉತ್ತರ ಕೊಡುತ್ತಾರೆ.

ಆಮೇಲೆ ಸರ್ಕಾರದ ಎಂಪರಿವಾಹನ್ ಆ್ಯಪ್ ಅಥವಾ ಪರಿವಾಹನ್ ವೆಬ್‌ಸೈಟಿನಲ್ಲಿ ನಂಬರು ಹಾಕಿ. ಆರ್‌ಸಿ ಚಾಲ್ತಿಯಲ್ಲಿದೆಯೇ, ಮೊದಲು ನೋಂದಣಿಯಾದ ದಿನ ಯಾವುದು, ಮಾಡೆಲ್ ಮತ್ತು ಇಂಧನ ಯಾವುದು, ಇನ್ಶೂರೆನ್ಸ್ ಯಾವ ಕಂಪನಿಯದು, ಸಾಲ ಕೊಟ್ಟವರ ಹೆಸರು ಇದೆಯೇ, ಬ್ಲ್ಯಾಕ್‌ಲಿಸ್ಟ್ ಆಗಿದೆಯೇ ಎಂದು ಒಂದೊಂದಾಗಿ ನೋಡಿ. ಮಾಲೀಕರ ಹೆಸರಿನ ಕೆಲವು ಅಕ್ಷರಗಳ ಜಾಗದಲ್ಲಿ ನಕ್ಷತ್ರ ಚಿಹ್ನೆ ಇರುತ್ತದೆ. ಕಾಣುವ ಅಕ್ಷರಗಳು ಮಾರುವವರ ಆಧಾರ್‌ನಲ್ಲಿರುವ ಹೆಸರಿಗೆ ಹೊಂದುತ್ತವೆಯೇ ತಾಳೆ ನೋಡಿ. ಎಷ್ಟನೇ ಮಾಲೀಕರು ಎಂಬುದನ್ನೂ ಗಮನಿಸಿ. ‘ಸಿಂಗಲ್ ಓನರ್’ ಎಂದು ಹೇಳಿದ ಕಾರು ದಾಖಲೆಯಲ್ಲಿ ಮೂರನೆಯವರ ಹೆಸರಿನಲ್ಲಿದ್ದರೆ, ಆ ಮನುಷ್ಯ ಹೇಳಿದ ಬೇರೆ ಯಾವ ಮಾತನ್ನೂ ನಂಬಬೇಕಾಗಿಲ್ಲ.

ಇ-ಚಲನ್ ಪುಟವನ್ನು ದಂಡ ಎಷ್ಟು ಬಾಕಿ ಇದೆ ಎಂದು ನೋಡುವುದಕ್ಕಷ್ಟೇ ತೆರೆಯಬೇಡಿ. ಕ್ಯಾಮೆರಾದಿಂದ ಬಿದ್ದ ಚಲನ್‌ಗಳ ಜೊತೆ ಫೋಟೊ ಇರುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಂತೂ ಉದ್ದಕ್ಕೂ ಕ್ಯಾಮೆರಾಗಳಿವೆ. ನಿಮ್ಮ ಮುಂದೆ ನಿಂತಿರುವುದು ಬಿಳಿ ಬಣ್ಣದ ಕಾರು, ಅದೇ ನಂಬರಿನ ಚಲನ್ ಫೋಟೊದಲ್ಲಿ ಕೆಂಪು ಬಣ್ಣದ್ದು ಎಂದಾದರೆ, ಒಂದೇ ನಂಬರಿನಲ್ಲಿ ಎರಡು ಕಾರು ಓಡುತ್ತಿವೆ ಎಂದರ್ಥ. ಎರಡರಲ್ಲಿ ಒಂದು ಕದ್ದದ್ದಿರಬಹುದು.

ಕಳವಿನ ದಾಖಲೆ ನೋಡಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಅಂದರೆ ಎನ್‌ಸಿಆರ್‌ಬಿಯ ವಾಹನ್ ಸಮನ್ವಯ್ ಸೇವೆ ಇದೆ. ನೋಂದಣಿ ನಂಬರು, ಚಾಸಿ ನಂಬರು, ಇಂಜಿನ್ ನಂಬರು ಹಾಕಿದರೆ ಆ ವಾಹನ ಕಳವಾದ ವರದಿ ಇದೆಯೇ ಎಂಬುದು ಸಿಗುತ್ತದೆ. ಒಂದು ಎಚ್ಚರಿಕೆ: ಕದ್ದ ಕಾರಿಗೆ ಬೇರೆ ಕಾರಿನ ಚಾಸಿ ನಂಬರು ಕೊರೆದಿದ್ದರೆ ಇಲ್ಲಿ ಎಲ್ಲವೂ ಸರಿಯಾಗಿದೆ ಎಂದೇ ಬರುತ್ತದೆ. ಅದಕ್ಕೇ ಕಾರಿನ ಹತ್ತಿರ ಹೋಗಿ ಲೋಹವನ್ನೇ ನೋಡಬೇಕು.

ಚಾಸಿ ನಂಬರು: ಕಾಲು ಗಂಟೆಯ ಕೆಲಸ

ಬೆಳಕಿರುವಾಗಲೇ ಹೋಗಿ. ಟಾರ್ಚ್, ಒಣ ಬಟ್ಟೆ, ತೆಳು ಬಿಳಿ ಕಾಗದ, ಮೆತ್ತನೆಯ ಪೆನ್ಸಿಲ್ ಜೊತೆಗಿರಲಿ. ಚಾಸಿ ನಂಬರು ಕಾರಿನ ಮಾಡೆಲ್‌ಗೆ ತಕ್ಕಂತೆ ಬಾನೆಟ್ ಒಳಗಿನ ಹಿಂದಿನ ಗೋಡೆಯ ಮೇಲೋ, ಮುಂದಿನ ಸೀಟಿನ ಕೆಳಗೆ ಮ್ಯಾಟ್ ಅಡಿಯಲ್ಲೋ ಕೊರೆದಿರುತ್ತದೆ. ಅದು 17 ಅಕ್ಷರ ಮತ್ತು ಅಂಕಿಗಳ ಸಾಲು. ಅದರಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳು ಬರುವುದೇ ಇಲ್ಲ. ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗಬಾರದೆಂದು ಅವನ್ನು ಕೈಬಿಟ್ಟಿದ್ದಾರೆ. ಭಾರತದಲ್ಲಿ ತಯಾರಾದ ಕಾರಿನದು ಎಂ ಅಕ್ಷರದಿಂದ ಶುರುವಾಗುತ್ತದೆ: ಮಾರುತಿಯದು ಸಾಮಾನ್ಯವಾಗಿ ಎಂಎ3, ಹುಂಡೈನದು ಎಂಎಎಲ್, ಟಾಟಾದ್ದು ಎಂಎಟಿ. ಹುಂಡೈ ಕಾರಿನ ಮೇಲೆ ಎಂಎ3 ಇದ್ದರೆ ಮುಂದೆ ನೋಡುವ ಅಗತ್ಯವೇ ಇಲ್ಲ.

ಆ ಜಾಗವನ್ನು ಒರೆಸಿ, ಕಾಗದ ಇಟ್ಟು, ಪೆನ್ಸಿಲನ್ನು ಅಡ್ಡ ಹಿಡಿದು ಹಗುರವಾಗಿ ಉಜ್ಜಿ. ಆರ್‌ಟಿಒ ಕೆಲಸ ಮಾಡುವವರು ಇದನ್ನು ಪೆನ್ಸಿಲ್ ಪ್ರಿಂಟ್ ಎನ್ನುತ್ತಾರೆ. ಬರಿಗಣ್ಣಿಗೆ ಕಾಣದ್ದು ಈ ಪ್ರಿಂಟಿನಲ್ಲಿ ಕಾಣುತ್ತದೆ. ಫ್ಯಾಕ್ಟರಿಯಲ್ಲಿ ಯಂತ್ರ ಕೊರೆದ ಅಕ್ಷರಗಳ ಆಳ ಒಂದೇ, ನಡುವಿನ ಅಂತರ ಒಂದೇ, ಸಾಲು ನೇರ. ಕೈಯಿಂದ ಸುತ್ತಿಗೆಯಲ್ಲಿ ಹೊಡೆದದ್ದಾದರೆ ಒಂದು ಅಂಕಿ ಆಳವಾಗಿ, ಪಕ್ಕದ್ದು ಮೇಲಾಗಿ, ಇನ್ನೊಂದು ಸ್ವಲ್ಪ ಓರೆಯಾಗಿ ಬಂದಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಅಕ್ಷರಗಳ ಹಿನ್ನೆಲೆಯನ್ನು ನೋಡಿ. ಹಳೆಯ ನಂಬರನ್ನು ಗ್ರೈಂಡರ್‌ನಲ್ಲಿ ಉಜ್ಜಿ ತೆಗೆದಿದ್ದರೆ ಕಾಗದದ ಮೇಲೆ ಸಣ್ಣ ಗೀರುಗಳು ಮೂಡುತ್ತವೆ, ಇಲ್ಲವೇ ಆ ಭಾಗ ಸುತ್ತಲಿನದಕ್ಕಿಂತ ತಗ್ಗಾಗಿರುತ್ತದೆ. ಬೆರಳಿನಿಂದ ಸವರಿದರೆ ತಗ್ಗು ಗೊತ್ತಾಗುತ್ತದೆ. ಆ ಒಂದು ಅಂಗೈ ಅಗಲದ ಜಾಗಕ್ಕೆ ಮಾತ್ರ ಹೊಸ ಪೇಂಟ್ ಬಿದ್ದಿದ್ದರೆ, ಪುಟ್ಟಿ ಹಚ್ಚಿದ್ದರೆ, ಅಥವಾ ನಂಬರಿರುವ ತಗಡಿನ ಸುತ್ತ ವೆಲ್ಡಿಂಗ್ ಗುರುತು ಇದ್ದರೆ ಕಾರು ಬೇಡವೆನ್ನಿ. ಹಳೇ ಕಾರಿನಲ್ಲಿ ತುಕ್ಕು ಹಿಡಿದು ನಂಬರು ಅಳಿಸಿ, ಇಲಾಖೆಯ ಅನುಮತಿಯಿಂದ ಮತ್ತೆ ಕೊರೆಸಿರುವುದೂ ಇರುತ್ತದೆ. ಹಾಗಿದ್ದರೆ ಅದರ ದಾಖಲೆ ಆರ್‌ಟಿಒದಲ್ಲಿ ಇರಲೇಬೇಕು. ಬರೀ ಬಾಯಿಮಾತು ಸಾಲದು.

ಈ ನಂಬರನ್ನು ಆರ್‌ಸಿಗೆ, ಪಾಲಿಸಿಗೆ, ಬಾಗಿಲ ಕಂಬದ ಮೇಲೆ ಅಥವಾ ಬಾನೆಟ್ ಒಳಗೆ ಕಂಪನಿ ಅಂಟಿಸಿದ ಪ್ಲೇಟಿಗೆ ತಾಳೆ ಹಾಕಿ. 17ರಲ್ಲಿ ಕೊನೆಯ ನಾಲ್ಕೈದನ್ನು ಮಾತ್ರ ನೋಡಿ ಸುಮ್ಮನಾಗಬೇಡಿ. ಇಂಜಿನ್ ನಂಬರನ್ನೂ ಹಾಗೆಯೇ ನೋಡಿ. ಇಂಜಿನ್ ಬದಲಾಗಿದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು.

ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆದರೆ ಬುಡದಲ್ಲಿ ಹೊಲಿದಿರುವ ಚೀಟಿಯ ಮೇಲೆ ತಯಾರಾದ ದಿನಾಂಕ ಸಾಮಾನ್ಯವಾಗಿ ಸಿಗುತ್ತದೆ. ಆರ್‌ಸಿ ಪ್ರಕಾರ ಕಾರು 2019ರದು, ಎಲ್ಲ ಬೆಲ್ಟ್‌ಗಳ ಚೀಟಿಯೂ 2015 ಎನ್ನುತ್ತಿದ್ದರೆ, ಒಂದು ಕಾರಿನ ದೇಹಕ್ಕೆ ಇನ್ನೊಂದು ಕಾರಿನ ಕಾಗದ ಸೇರಿದೆ.

ಹೀಗೆ ಸೇರಿಸುವುದು ಹೇಗೆ ಎಂದು ತಿಳಿದಿದ್ದರೆ ಎಲ್ಲಿ ನೋಡಬೇಕೆಂಬುದೂ ತಿಳಿಯುತ್ತದೆ. ಅಪಘಾತದಲ್ಲಿ ಜಜ್ಜಿಹೋದ ಕಾರನ್ನು ಇನ್ಶೂರೆನ್ಸ್ ಕಂಪನಿ ‘ಟೋಟಲ್ ಲಾಸ್’ ಎಂದು ತೀರ್ಮಾನಿಸಿ ಮಾಲೀಕರಿಗೆ ಹಣ ಕೊಡುತ್ತದೆ. ಗುಜರಿ ಮಾಲಾಗಿ ಅದು ಹರಾಜಾಗುತ್ತದೆ. ಆಗ ಆರ್‌ಸಿ ರದ್ದಾಗದೆ ಉಳಿದರೆ, ಆ ಆರ್‌ಸಿಗೇ ಗುಜರಿಗಿಂತ ಹೆಚ್ಚು ಬೆಲೆ. ಅದೇ ಮಾಡೆಲ್, ಅದೇ ಬಣ್ಣದ ಕಾರೊಂದನ್ನು ಕದ್ದು, ಚಾಸಿ ನಂಬರು ಉಜ್ಜಿ, ಜಜ್ಜಿಹೋದ ಕಾರಿನ ನಂಬರು ಕೊರೆದರೆ ದಾಖಲೆಯೆಲ್ಲ ಅಸಲಿಯೇ ಆಗಿರುತ್ತದೆ. ಇದನ್ನು ಹಿಡಿಯುವ ದಾರಿ ಎರಡು. ಒಂದು, ಮೇಲೆ ಹೇಳಿದ ಪೆನ್ಸಿಲ್ ಪ್ರಿಂಟ್. ಇನ್ನೊಂದು, ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಮತ್ತು ಇನ್ಶೂರೆನ್ಸ್ ಕಂಪನಿಯಲ್ಲಿರುವ ಇತಿಹಾಸ. ಮಾರುವವರನ್ನೇ ಜೊತೆಗೆ ಕರೆದುಕೊಂಡು ಹೋಗಿ ಚಾಸಿ ನಂಬರು ಕೊಟ್ಟು ಸರ್ವಿಸ್ ದಾಖಲೆ ಕೇಳಿ, ಹಳೆಯ ಪಾಲಿಸಿಗಳ ಮೇಲೆ ಎಷ್ಟು ಕ್ಲೇಮ್ ಆಗಿದೆ ಕೇಳಿ. ಒಂದು ದೊಡ್ಡ ಕ್ಲೇಮ್ ಆದ ಮೇಲೆ ವರ್ಷಗಟ್ಟಲೆ ಪಾಲಿಸಿಯೂ ಇಲ್ಲ, ಸರ್ವಿಸೂ ಇಲ್ಲ, ಈಗ ಕಾರು ಮಾತ್ರ ಹೊಸದರಂತಿದೆ ಎಂದಾದರೆ ಅನುಮಾನಪಡಲೇಬೇಕು.

ಆರ್‌ಸಿಯಲ್ಲಿರುವ ವ್ಯಕ್ತಿ ಎದುರಿಗಿರಲಿ

ಕಾರು ತೋರಿಸುವವರು ಬೇರೆ, ಆರ್‌ಸಿಯಲ್ಲಿರುವವರು ಬೇರೆ ಎಂಬುದು ನಮ್ಮಲ್ಲಿ ಮಾಮೂಲು. ಬ್ರೋಕರ್ ಬಳಿ 29, 30ಕ್ಕೆ ಸೈನ್ ಹಾಕಿದ ಖಾಲಿ ಫಾರಂಗಳಿರುತ್ತವೆ. ಫಾರಂ 29 ಎಂದರೆ ಮಾರಿದವರು ಆರ್‌ಟಿಒಗೆ ಕೊಡುವ ತಿಳಿವಳಿಕೆ. ಫಾರಂ 30 ಮಾಲೀಕತ್ವ ವರ್ಗಾವಣೆಯ ಅರ್ಜಿ. ಖಾಲಿ ಫಾರಂ ಮೇಲಿನ ಸೈನ್ ಯಾರದ್ದೆಂದು ಬ್ರೋಕರ್ ಹೇಳುತ್ತಾರೆ, ಅಷ್ಟೇ. ಮಾಲೀಕರು ಕಾರನ್ನು ಅಡ ಇಡುವಾಗ ಸಾಲ ಕೊಟ್ಟವರು ಬಲವಂತವಾಗಿ ಹಾಕಿಸಿಕೊಂಡ ಸೈನೂ ಆಗಿರಬಹುದು. ಬಾಡಿಗೆಗೆಂದು ಪಡೆದ ಕಾರನ್ನು ಅಡ ಇಟ್ಟು ದುಡ್ಡು ತೆಗೆದುಕೊಳ್ಳುವವರೂ ಇದ್ದಾರೆ. ಅಂಥ ಕಾರು ಕೊಂಡವರ ಮನೆ ಮುಂದೆ ಒಂದು ದಿನ ನಿಜವಾದ ಮಾಲೀಕರು ಇನ್ನೊಂದು ಕೀ ಹಿಡಿದು ಬಂದು ನಿಲ್ಲುತ್ತಾರೆ.

ಆದ್ದರಿಂದ ಆರ್‌ಸಿಯಲ್ಲಿರುವವರನ್ನು ನೇರವಾಗಿ ಭೇಟಿಯಾಗಿ, ಸಾಧ್ಯವಾದರೆ ಆರ್‌ಸಿಯಲ್ಲಿರುವ ವಿಳಾಸದಲ್ಲೇ. ಅವರ ಫೋನಿನಲ್ಲಿ ಅವರ ಕೈಯಿಂದಲೇ ಸರ್ಕಾರದ ದಾಖಲೆಗಳ ಆ್ಯಪ್ ಡಿಜಿಲಾಕರ್ ತೆರೆಸಿ, ಆರ್‌ಸಿ ತೋರಿಸಲು ಹೇಳಿ. ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪಿಡಿಎಫ್ ಬೇಡ, ಸ್ಕ್ರೀನ್‌ಶಾಟ್ ಬೇಡ. ವಾಹನ್ ದಾಖಲೆಯಲ್ಲಿರುವ (ಆರ್‌ಟಿಒಗಳ ಕಂಪ್ಯೂಟರ್ ದಾಖಲೆಯಲ್ಲಿರುವ) ಮೊಬೈಲ್ ನಂಬರು ಅವರದ್ದೇ ತಾನೇ ಎಂದು ಆಗಲೇ ಕೇಳಿ. ವರ್ಗಾವಣೆಯ ಅರ್ಜಿ ಹಾಕುವಾಗ ಒಟಿಪಿ ಬೇಕಾಗುತ್ತದೆ, ಅದು ಯಾರ ಫೋನಿಗೆ ಹೋಗುತ್ತದೆ ಎಂಬುದು ಮೊದಲೇ ಗೊತ್ತಿರಬೇಕು. ‘ಆ ನಂಬರು ಈಗ ಇಲ್ಲ’ ಎಂದರೆ, ಅದನ್ನು ಅವರೇ ಬದಲಾಯಿಸಿಕೊಂಡು ಬರಲಿ. ಅಲ್ಲಿಯವರೆಗೆ ಅಡ್ವಾನ್ಸ್ ಕೊಡಬೇಡಿ.

ಮಾಲೀಕರು ತೀರಿಕೊಂಡಿದ್ದರೆ ಅವರು ಮೊದಲೇ ಸೈನ್ ಹಾಕಿಟ್ಟಿದ್ದಾರೆ ಎಂಬ ಫಾರಂ 29, 30 ನಡೆಯುವುದಿಲ್ಲ. ಮರಣ ಪ್ರಮಾಣಪತ್ರ ಮತ್ತು ನಾಡಕಚೇರಿಯಿಂದ ಪಡೆದ ವಂಶವೃಕ್ಷದ ಮೇಲೆ, ಉಳಿದ ವಾರಸುದಾರರ ಒಪ್ಪಿಗೆಯೊಂದಿಗೆ, ಒಬ್ಬ ವಾರಸುದಾರರು ಫಾರಂ 31ರಲ್ಲಿ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಆಮೇಲೆ ನಿಮಗೆ. ಅಣ್ಣತಮ್ಮಂದಿರಲ್ಲಿ ಒಬ್ಬರು ಕೀ ಕೈಯಲ್ಲಿದೆ ಎಂದು ಮಾರಿದರೆ ಉಳಿದವರು ಸುಮ್ಮನಿರುವುದಿಲ್ಲ.

ಡೀಲರ್ ಮಾರುತ್ತಿದ್ದರೆ: 2023ರ ಏಪ್ರಿಲ್ 1ರಿಂದ ನೋಂದಾಯಿತ ವಾಹನಗಳ ವ್ಯಾಪಾರ ಮಾಡುವವರು ಆರ್‌ಟಿಒದಿಂದ ಅಧಿಕಾರಪತ್ರ ಪಡೆಯುವ ನಿಯಮ ಜಾರಿಯಲ್ಲಿದೆ, ಅದು ಫಾರಂ 29ಬಿ. ಮಾಲೀಕರು ಕಾರನ್ನು ಆ ಡೀಲರ್‌ಗೆ ಒಪ್ಪಿಸಿದ್ದಾಗಿ ಫಾರಂ 29ಸಿಯಲ್ಲಿ ತಿಳಿಸಿರಬೇಕು. ಎರಡನ್ನೂ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಡೂಪ್ಲಿಕೇಟ್ ಆರ್‌ಸಿ ಕಂಡರೆ ನಿಲ್ಲಿ. ಕಳೆದುಹೋಗಿ ಎರಡನೆಯದು ಮಾಡಿಸಿರುವುದು ತಪ್ಪೇನಲ್ಲ. ಆದರೆ ಅಸಲಿ ಆರ್‌ಸಿ ಫೈನಾನ್ಸ್‌ನವರ ಬೀರುವಿನಲ್ಲಿದ್ದು, ಕಳೆದುಹೋಯಿತೆಂದು ದೂರು ಕೊಟ್ಟು ಡೂಪ್ಲಿಕೇಟ್ ತೆಗೆಸಿರುವ ಸಾಧ್ಯತೆಯೂ ಇದೆ. ಕೈಸಾಲಕ್ಕೆ ಅಡ ಇಟ್ಟ ಆರ್‌ಸಿಯ ವಿಷಯ ವಾಹನ್ ದಾಖಲೆಯಲ್ಲಿ ಬರುವುದಿಲ್ಲ. ಯಾವಾಗ ಕಳೆಯಿತು, ದೂರಿನ ಪ್ರತಿ ಎಲ್ಲಿ, ಎರಡೂ ಕೀ ಇವೆಯೇ ಎಂದು ಕೇಳಿ. ಡೂಪ್ಲಿಕೇಟ್ ಆರ್‌ಸಿ ಜೊತೆ ಒಂದೇ ಕೀ ಇದ್ದರೆ, ಎರಡನೆಯ ಕೀ ಯಾರ ಹತ್ತಿರವಿದೆ ಎಂಬುದೇ ಪ್ರಶ್ನೆ.

ಬಿ ಎಕ್ಸ್‌ಟ್ರಾಕ್ಟ್

ಕಾರು ಇಷ್ಟವಾಗಿ, ರೇಟು ಕುದುರುವ ಹಂತಕ್ಕೆ ಬಂದ ಮೇಲೆ ಬಿ ಎಕ್ಸ್‌ಟ್ರಾಕ್ಟ್ ಕೇಳಿ. ಇದು ಆರ್‌ಟಿಒ ನೋಂದಣಿ ವಹಿಯ ದೃಢೀಕೃತ ನಕಲು. ಮಾಲೀಕರು, ಸಾಲದ ನಮೂದು, ತೆರಿಗೆ ಕಟ್ಟಿದ ವಿವರ ಇದರಲ್ಲಿರುತ್ತವೆ. ಮಾರುವವರಿಂದ ಅರ್ಜಿ ಹಾಕಿಸಿ, ಪ್ರತಿ ಪಡೆಯುವಾಗ ನೀವೂ ಜೊತೆಗಿರಿ. ಅವರೇ ಮನೆಯಿಂದ ತಂದುಕೊಟ್ಟ ಎಕ್ಸ್‌ಟ್ರಾಕ್ಟ್ ಮತ್ತೆ ಇನ್ನೊಂದು ಕಾಗದವಷ್ಟೇ. ಇಷ್ಟಕ್ಕೆ ಒಪ್ಪದವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದುಕೊಳ್ಳುವುದು ತಪ್ಪಲ್ಲ.

ಸಾಲ ತೀರಿದೆ ಎಂಬ ಮಾತು

ಆರ್‌ಸಿಯಲ್ಲಿ ಬ್ಯಾಂಕ್ ಅಥವಾ ಫೈನಾನ್ಸ್ ಹೆಸರಿದ್ದರೆ ಅದನ್ನು ಎಚ್‌ಪಿ (ಕಾರು ಸಾಲಕ್ಕೆ ಅಡವಿದೆ ಎಂಬ ನಮೂದು) ಎನ್ನುತ್ತಾರೆ. ಅದನ್ನು ತೆಗೆಸಲು ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಬ್ಯಾಂಕ್ ಸಹಿ ಮಾಡಿದ ಫಾರಂ 35 ಬೇಕು. ಲೆಟರ್‌ಹೆಡ್, ಸೀಲು ಎರಡನ್ನೂ ನಕಲು ಮಾಡುವುದು ಸುಲಭ. ನಕಲಿ ಎನ್‌ಒಸಿಗೇ ಜನ ಹೆಚ್ಚು ಮೋಸಹೋಗುತ್ತಾರೆ. ಎನ್‌ಒಸಿಯಲ್ಲಿ ಮುದ್ರಿಸಿರುವ ಫೋನ್ ನಂಬರಿಗೆ ಕರೆ ಮಾಡಬೇಡಿ, ಅಲ್ಲಿ ಫೋನ್ ಎತ್ತುವವರೂ ಅವರ ಕಡೆಯವರೇ ಇರಬಹುದು. ಸಾಲದ ಖಾತೆ ನಂಬರು ಹಿಡಿದು, ಮಾರುವವರ ಜೊತೆ ಶಾಖೆಗೇ ಹೋಗಿ ವಿಚಾರಿಸಿ.

ಸಾಲ ಇನ್ನೂ ಬಾಕಿ ಇದ್ದರೆ ಕೊಳ್ಳಲೇಬಾರದು ಎಂದಿಲ್ಲ. ಎಷ್ಟು ಕಟ್ಟಿದರೆ ಖಾತೆ ಮುಗಿಯುತ್ತದೆ ಎಂಬ ಪತ್ರವನ್ನು ಬ್ಯಾಂಕಿನಿಂದ ಪಡೆದು, ಆ ಮೊತ್ತವನ್ನು ನೇರವಾಗಿ ಸಾಲದ ಖಾತೆಗೇ ಕಟ್ಟಿ. ‘ನನಗೆ ಕೊಡಿ, ನಾನು ಕಟ್ಟಿಬಿಡುತ್ತೇನೆ’ ಎಂಬುದಕ್ಕೆ ಒಪ್ಪಬೇಡಿ. ಕಂತು ನಿಂತರೆ ಸೀಜ್ ಮಾಡಲು ಬರುವವರು ಕಾರು ಯಾರ ಮನೆಯಲ್ಲಿದೆ ಎಂದು ನೋಡುವುದಿಲ್ಲ. ಹಾಗೆಯೇ ‘ಮಿಕ್ಕ ಕಂತು ನೀವೇ ಕಟ್ಟಿಕೊಂಡು ಹೋಗಿ, ಮುಗಿದ ಮೇಲೆ ಆರ್‌ಸಿ ಮಾಡಿಕೊಡುತ್ತೇನೆ’ ಎಂಬ ಕರಾರು ಮಾಡಿಕೊಂಡರೆ ಕಂತು ನಿಮ್ಮದು, ಕಾರು ಅವರದು.

ಹೊರ ರಾಜ್ಯದ ಕಾರು

ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಓಡಾಟಕ್ಕೆ ಕೋರ್ಟ್ ಆದೇಶದ ನಿರ್ಬಂಧ ಬಂದ ಮೇಲೆ ಅಲ್ಲಿಯ ಕಾರುಗಳು ಕಡಿಮೆ ಬೆಲೆಗೆ ದಕ್ಷಿಣಕ್ಕೆ ಬರುತ್ತಿವೆ. ಇವುಗಳಲ್ಲಿ ನೋಡಬೇಕಾದ್ದು: ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ, ಅಲ್ಲಿಯ ಆರ್‌ಟಿಒ ಕರ್ನಾಟಕಕ್ಕೆಂದೇ ಎನ್‌ಒಸಿ ಕೊಟ್ಟಿರುವುದು ವಾಹನ್ ದಾಖಲೆಯಲ್ಲಿ ಬರುತ್ತದೆಯೋ ಇಲ್ಲವೋ. ಕೈಯಲ್ಲಿ ಎನ್‌ಒಸಿ ಇದ್ದು ದಾಖಲೆಯಲ್ಲಿ ಇಲ್ಲದಿದ್ದರೆ ಅದು ನಕಲಿಯೆಂದೇ ಲೆಕ್ಕ. ಕಾರಿನ ಮೂಲ ಬೆಲೆ ಮತ್ತು ವಯಸ್ಸಿನ ಮೇಲೆ ಇಲ್ಲಿಯ ಜೀವಾವಧಿ ತೆರಿಗೆ ಮತ್ತೆ ಕಟ್ಟಬೇಕು. ದುಬಾರಿ ಕಾರಾದರೆ ಅದು ಲಕ್ಷಗಳಲ್ಲಿ ಬರುತ್ತದೆ, ಅಗ್ಗ ಎಂದುಕೊಂಡದ್ದು ಅಲ್ಲಿಗೆ ಮುಗಿಯುತ್ತದೆ. ‘ಹಾಗೇ ಓಡಿಸಿ, ಯಾರೂ ಕೇಳಲ್ಲ’ ಎನ್ನುವವರ ಮಾತು ಕೇಳಬೇಡಿ. ಬೇರೆ ರಾಜ್ಯದ ವಾಹನ 12 ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಇಲ್ಲಿಯ ನಂಬರು ಪಡೆಯಲೇಬೇಕು.

ದುಡ್ಡು ಕೊಡುವ ದಿನ

ಆನ್‌ಲೈನ್ ಜಾಹೀರಾತು ನೋಡಿ ಕಾರನ್ನೇ ನೋಡದೆ ಟೋಕನ್ ಕಳಿಸಬೇಡಿ. ‘ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಕಾರು ಪಾರ್ಸೆಲ್ ಮಾಡುತ್ತೇನೆ’ ಎಂದು ಗುರುತಿನ ಚೀಟಿ, ಆರ್‌ಸಿ ಫೋಟೊ ಕಳಿಸುವುದು ಹಳೆಯ ಮೋಸ, ಈಗಲೂ ನಡೆಯುತ್ತಿದೆ.

ಹಣ ಹೋಗಬೇಕಾದ್ದು ಆರ್‌ಸಿಯಲ್ಲಿರುವವರ ಹೆಸರಿನ ಬ್ಯಾಂಕ್ ಖಾತೆಗೆ ಮಾತ್ರ. ಬಾಮೈದನ ಖಾತೆ, ಬ್ರೋಕರ್ ಖಾತೆ ಬೇಡ. ನಗದು ಎಂದರೆ ಸಾಕ್ಷಿಯಿಲ್ಲ. ಅಲ್ಲದೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲೇ ತಡೆ ಇದೆ. ಒಂದಿಷ್ಟು ಮೊತ್ತವನ್ನು, ಸಾಧ್ಯವಾದರೆ ಬೆಲೆಯ ಹತ್ತರಲ್ಲೊಂದು ಭಾಗವನ್ನಾದರೂ, ನಿಮ್ಮ ಹೆಸರಿನ ಆರ್‌ಸಿ ಬರುವವರೆಗೆ ಉಳಿಸಿಕೊಳ್ಳುವುದಾಗಿ ಕರಾರಿನಲ್ಲಿ ಬರೆಸಿ. ಬಾಂಡ್ ಪೇಪರ್ ಮೇಲೆ ನೋಟರಿ ಮಾಡಿಸಿದ ಕರಾರು ವ್ಯವಹಾರ ನಡೆದದ್ದಕ್ಕೆ ಸಾಕ್ಷಿ. ಅದರಿಂದ ಕಾರು ನಿಮ್ಮ ಹೆಸರಿಗೆ ಬರುವುದಿಲ್ಲ.

ಕಾರು ಒಪ್ಪಿಸಿಕೊಂಡ ದಿನಾಂಕ ಮತ್ತು ಗಂಟೆ ಬರೆದ ಡೆಲಿವರಿ ನೋಟ್‌ಗೆ ಇಬ್ಬರೂ ಸಹಿ ಹಾಕಿ. ಪೆನ್ಸಿಲ್ ಪ್ರಿಂಟ್, ಎರಡೂ ಕೀ, ಮಾರುವವರ ಗುರುತಿನ ಚೀಟಿಯ ಪ್ರತಿ ಜೊತೆಗಿಟ್ಟುಕೊಳ್ಳಿ. ಫಾರಂ 29ರ ಎರಡು ಪ್ರತಿ ಮತ್ತು ಫಾರಂ 30 ಪೂರ್ತಿ ತುಂಬಿದ ಮೇಲೆ, ನಿಮ್ಮ ಕಣ್ಣೆದುರಿಗೇ ಸೈನ್ ಆಗಲಿ. ವರ್ಗಾವಣೆಯ ಆನ್‌ಲೈನ್ ಅರ್ಜಿಯನ್ನು ಅದೇ ದಿನ, ಮಾರುವವರು ಎದುರಿಗಿದ್ದು ಒಟಿಪಿ ಕೊಡುವಾಗಲೇ ಹಾಕಿಬಿಡಿ. ಕಾನೂನಿನ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕು. ಆದರೆ ತಡವಾದಷ್ಟೂ ಒಟಿಪಿ ಕೊಡುವವರು ಕೈಗೆ ಸಿಗುವುದು ಕಷ್ಟ. ಮಾರುವವರು ಅವಸರವಿಲ್ಲ ಎಂದರೆ ಒಂದು ವಿಷಯ ನೆನಪಿಸಿ: ಕಾರು ಅಪಘಾತ ಮಾಡಿದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಪ್ರಾಮಾಣಿಕವಾಗಿ ಮಾರುವವರಿಗೆ ಇದು ನಿಮಗಿಂತ ಹೆಚ್ಚು ಅವಸರದ ಕೆಲಸ.

ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಾಯಿಸಲು ಅರ್ಜಿ ಕೊಡಿ. ಥರ್ಡ್ ಪಾರ್ಟಿ ರಕ್ಷಣೆ ಕಾರಿನ ಜೊತೆ ತಾನಾಗಿ ಬರುತ್ತದೆ. ನಿಮ್ಮ ಕಾರಿಗೇ ಆದ ಹಾನಿಯ ಕ್ಲೇಮ್ ಮಾತ್ರ ಪಾಲಿಸಿ ಹಳಬರ ಹೆಸರಿನಲ್ಲಿದ್ದರೆ ತಿರಸ್ಕಾರವಾಗುತ್ತದೆ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಸಿಗುವ ರಿಯಾಯಿತಿ) ಹಳೆಯ ಮಾಲೀಕರಿಗೇ ಸೇರಿದ್ದು, ಅದರ ವ್ಯತ್ಯಾಸ ಕಟ್ಟಬೇಕಾಗುತ್ತದೆ. ಅವರ ಫಾಸ್ಟ್ಯಾಗ್ ಮುಚ್ಚಿಸಿ, ನಿಮ್ಮದನ್ನು ಹಚ್ಚಿ.

ಮೋಸವಾಗಿದೆ ಎಂದು ಗೊತ್ತಾದರೆ

ಹಣ ಆನ್‌ಲೈನ್‌ನಲ್ಲಿ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದುಡ್ಡು ಇನ್ನೊಂದು ಖಾತೆಗೆ ಹೋಗುವ ಮೊದಲು ತಡೆಹಿಡಿಯುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು. ಠಾಣೆಗೆ ಹೋಗುವಾಗ ಕರಾರು, ಡೆಲಿವರಿ ನೋಟ್, ಬ್ಯಾಂಕ್ ವಿವರ, ಚಾಟ್‌ಗಳು, ಪೆನ್ಸಿಲ್ ಪ್ರಿಂಟ್ ಎಲ್ಲವನ್ನೂ ಒಯ್ಯಿರಿ. ನೀವು ಪರೀಕ್ಷಿಸಿಯೇ ಕೊಂಡಿರಿ ಎಂದು ತೋರಿಸುವುದು ಇವೇ. ಉಜ್ಜಿ ಅಳಿಸಿದ ಚಾಸಿ ನಂಬರನ್ನು ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ರಾಸಾಯನಿಕ ಹಚ್ಚಿ ಮತ್ತೆ ಕಾಣುವಂತೆ ಮಾಡಬಹುದು, ಆದ್ದರಿಂದ ಆ ಜಾಗವನ್ನು ಮುಟ್ಟಬೇಡಿ, ಪೇಂಟ್ ಮಾಡಿಸಬೇಡಿ. ಬಂದಷ್ಟು ಬರಲಿ ಎಂದು ಕಾರನ್ನು ಇನ್ನೊಬ್ಬರ ತಲೆಗೆ ಕಟ್ಟಬೇಡಿ. ಅಲ್ಲಿಯವರೆಗೆ ಮೋಸಹೋದವರು ನೀವು; ಗೊತ್ತಿದ್ದೂ ಮಾರಿದರೆ ಆರೋಪಿಯೂ ನೀವೇ ಆಗುತ್ತೀರಿ.